ಕಾರಿನ ಹಿಂದಿನ ಸೈಕಲ್ ರ‍್ಯಾಕ್: ಅಲುಗಾಟ, ಸದ್ದು, ಬಿರುಕು ಹುಡುಕುವ ಬಗೆ

ದೇವಿಮನೆ ಘಟ್ಟದಲ್ಲಿ ಒಂದು ಮಳೆಗಾಲದ ಸಂಜೆ ನಮ್ಮ ರ‍್ಯಾಕಿನ ಕಂಬ ಮುರಿಯುವುದರಲ್ಲಿತ್ತು. ಕುಮಟಾದಿಂದ ಶಿರಸಿಗೆ ವಾಪಸ್ ಬರುತ್ತಿದ್ದೆವು. ಗಾಡಿಯ ಹಿಂದೆ, ಕಡಿದಾದ ಇಳಿಜಾರಿನಲ್ಲಿ ಓಡಿಸುವ ನಾಲ್ಕು ಡೌನ್‌ಹಿಲ್ ಸೈಕಲ್ ನೇತಾಡುತ್ತಿದ್ದವು. ಒಂದು ತಿರುವಿನಲ್ಲಿ ಕನ್ನಡಿ ನೋಡಿದರೆ ನಾಲ್ಕೂ ಒಟ್ಟಿಗೆ ಹಿಂದಕ್ಕೆ ವಾಲಿದ ಹಾಗೆ ಕಂಡವು. ಗಾಡಿ ಬದಿಗೆ ಹಾಕಿ ಟಾರ್ಚ್ ಬಿಟ್ಟು ನೋಡಿದೆ. ಕಂಬದ ಬುಡದಲ್ಲಿ, ಗಾಡಿಯ ಕಡೆಯ ಮುಖದಲ್ಲಿ, ಅಡ್ಡಕ್ಕೆ ಒಂದು ಬಿರುಕು. ಉಗುರು ಒಳಗೆ ಹೋಗುವಷ್ಟು ಬಾಯಿ ಬಿಟ್ಟಿತ್ತು.

ಅದಕ್ಕೂ ಮೂರು ವಾರ ಮೊದಲಿನಿಂದ ಪ್ರತಿ ಹಂಪಿನಲ್ಲೂ ‘ಟಕ್’ ಅಂತ ಒಂದು ಸದ್ದು ಬರುತ್ತಿತ್ತು. ಗಾಡಿಯಿಂದ ಕಳಚಿ ಬರದ ಹಾಗೆ ಹಿಡಿಯುವ ಪಿನ್ ಹತ್ತಿರ ಏನೋ ಲೂಸ್ ಇರಬೇಕು ಅಂತ ನಾನು ಪ್ರತಿ ಸಲ ಅಲ್ಲಿನ ಬೋಲ್ಟ್ ಬಿಗಿ ಮಾಡುತ್ತಿದ್ದೆ. ಎರಡು ದಿನ ಸದ್ದು ಕಡಿಮೆ ಆದ ಹಾಗೆ ಅನ್ನಿಸುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಸದ್ದು ಕೇಳಿಸುವ ಜಾಗ ಒಂದು, ದೋಷ ಇರುವ ಜಾಗ ಇನ್ನೊಂದು ಅನ್ನುವುದು ಅವತ್ತು ಘಟ್ಟದ ಮಳೆಯಲ್ಲಿ ನಿಂತಾಗ ತಿಳಿಯಿತು. ಮೇಲೆ ಹೋಗುತ್ತಿದ್ದ ಖಾಲಿ ಅಡಿಕೆ ಪಿಕಪ್ ಒಂದು ನಿಲ್ಲಿಸಿತು. ಸೈಕಲ್ ಅದರಲ್ಲಿ ಮನೆ ಸೇರಿದವು. ಹಿಂದೆ ಬರುವ ಸ್ಕೂಟರ್ ಮೇಲೆ ಅವು ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ನನ್ನ ರ‍್ಯಾಕನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದೆ. ಗೆಳೆಯರ ರ‍್ಯಾಕುಗಳನ್ನೂ ಒಂದೊಂದಾಗಿ ನೋಡಿದೆ. ನಮ್ಮ ಕಡೆ ಇವೆಲ್ಲ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದವು. ಗೇಟು, ಗ್ರಿಲ್ಲು ಮಾಡುವವರ ಕೈಗೆ ಒಂದು ಫೋಟೋ ಕೊಟ್ಟು ‘ಹಿಂಗೆ ಬೇಕು’ ಅಂದಿರುತ್ತೇವೆ. ಕೆಲಸ ಅವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಗೇಟು ನಿಂತಲ್ಲೇ ನಿಲ್ಲುತ್ತದೆ, ರ‍್ಯಾಕು ದಿನಕ್ಕೆ ಸಾವಿರ ಸಲ ಕುಲುಕುತ್ತದೆ. ದೋಷ ಹುಟ್ಟುವುದು ಈ ವ್ಯತ್ಯಾಸದಲ್ಲಿ.

ಮೊದಲು ತೂಕದ ಲೆಕ್ಕ

ಡೌನ್‌ಹಿಲ್ ಸೈಕಲ್ ಒಂದರ ತೂಕ ಸಾಮಾನ್ಯವಾಗಿ 16ರಿಂದ 18 ಕೆ.ಜಿ. ಮುಂದಿನ ಫೋರ್ಕ್‌ಗೆ ಮೇಲೊಂದು ಕೆಳಗೊಂದು ಅಂತ ಎರಡು ಕ್ರೌನ್ (ಫೋರ್ಕಿನ ಎರಡು ಕಾಲನ್ನು ಜೋಡಿಸುವ ಅಡ್ಡ ಪಟ್ಟಿ), 200 ಮಿ.ಮೀ. ಸಸ್ಪೆನ್ಶನ್, 2.4–2.5 ಇಂಚಿನ ದಪ್ಪ ಟೈರು, 800 ಮಿ.ಮೀ. ಹತ್ತಿರದ ಹ್ಯಾಂಡಲ್. ಮಾಮೂಲಿ ಸೈಕಲ್ಲಿಗೆ ಅಂತ ಮಾಡಿದ ರ‍್ಯಾಕಿನಲ್ಲಿ ಇದನ್ನು ಕೂರಿಸಿದರೆ ಎಲ್ಲೋ ಒಂದು ಕಡೆ ಕಿತ್ತುಕೊಳ್ಳುತ್ತದೆ.

ನಾಲ್ಕು ಸೈಕಲ್ಲಿಗೆ ಸುಮಾರು 68 ಕೆ.ಜಿ. ರ‍್ಯಾಕಿನದೇ ತೂಕ ಒಂದು 30 ಅಂತ ಇಟ್ಟುಕೊಳ್ಳಿ. ಒಟ್ಟು 100 ಕೆ.ಜಿ. ಹತ್ತಿರ ಬಂತು. ಈ ತೂಕ ಪಿನ್ನಿಗಿಂತ 60–65 ಸೆಂ.ಮೀ. ಹಿಂದೆ ತೂಗುತ್ತದೆ. ಗಾಡಿ ಗುಂಡಿಗೆ ಬಿದ್ದು ಎದ್ದಾಗ ಅದೇ 100 ಕೆ.ಜಿ. ಎರಡು ಮೂರು ಪಟ್ಟಾಗಿ ಎಳೆಯುತ್ತದೆ. ಕಂಬದ ಬುಡ, ಪಿನ್ನಿನ ತೂತು, ಗಾಡಿಯ ಚಾಸಿ, ಈ ಮೂರೂ ಇದನ್ನು ತಡೆಯಬೇಕು. ಹಾಗಾಗಿ ಹುಡುಕುವುದೂ ಈ ಮೂರರಲ್ಲೇ ಮೊದಲು.

ಇನ್ನು ಮುಂದೆ ‘ಹೊರ ಪೈಪು’ ಅಂದರೆ ಗಾಡಿಗೆ ಕೂರಿಸಿದ ಚೌಕ ಪೈಪು. ‘ಒಳ ಪೈಪು’ ಅಂದರೆ ಅದರೊಳಗೆ ತೂರುವ ರ‍್ಯಾಕಿನ ಪೈಪು. ‘ಕಂಬ’ ಅಂದರೆ ಅದರ ಮೇಲೆ ನಿಂತ, ಸೈಕಲ್ ನೇತುಹಾಕುವ ಉದ್ದ ಪೈಪು.

ಹುಡುಕುವ ಕ್ರಮ

ಸೈಕಲ್ ಎಲ್ಲ ಇಳಿಸಿ. ಸೈಕಲ್ ಇದ್ದರೆ ಅದರ ಸದ್ದು, ಬೆಲ್ಟಿನ ಸದ್ದು, ಚೈನಿನ ಸದ್ದು ಎಲ್ಲ ಸೇರಿ ತಲೆ ಕೆಡಿಸುತ್ತದೆ. ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ. ರ‍್ಯಾಕನ್ನು ನೀರು ಹಾಕಿ ತೊಳೆದು ಒಣಗಿಸಿ. ಪಾನ (ಸ್ಪ್ಯಾನರ್) ಕೈಗೆ ತೆಗೆದುಕೊಳ್ಳಬೇಡಿ. ಒಂದು ಬೋಲ್ಟ್ ಬಿಗಿ ಮಾಡಿದರೂ ದೋಷದ ಗುರುತು ಅಳಿಸಿಹೋಗುತ್ತದೆ.

ಈಗ ಒಬ್ಬರು ಕಂಬದ ತುದಿ ಹಿಡಿದು ಹಿಂದೆ ಮುಂದೆ, ಆಮೇಲೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಲಿ. ಇನ್ನೊಬ್ಬರು ಒಂದೊಂದು ಜೋಡಣೆಯ ಮೇಲೂ ಬೆರಳಿಡಬೇಕು. ಬೆರಳಿನ ಅರ್ಧ ಒಂದು ಭಾಗದ ಮೇಲೆ, ಇನ್ನರ್ಧ ಪಕ್ಕದ ಭಾಗದ ಮೇಲೆ ಇರಲಿ. ಕಣ್ಣಿಗೆ ಕಾಣದ ಆಟ (ಸಡಿಲದ ಅಲುಗಾಟ) ಬೆರಳ ತುದಿಗೆ ಗೊತ್ತಾಗುತ್ತದೆ. ಚಾಸಿಯ ಬೋಲ್ಟಿನಿಂದ ಶುರು ಮಾಡಿ, ಹೊರ ಪೈಪಿನ ಬಾಯಿ, ಪಿನ್ನು, ಕಂಬದ ಬುಡ, ಮಡಚುವ ಕೀಲು, ಮೇಲಿನ ಅಡ್ಡ ಪಟ್ಟಿ, ಸೈಕಲ್ ಚಕ್ರ ಕೂರುವ ಬುಟ್ಟಿ, ಹೀಗೆ ಮೇಲಕ್ಕೆ ಹೋಗಿ. ಎಲ್ಲಿ ಎರಡು ಲೋಹ ಬೇರೆ ಬೇರೆಯಾಗಿ ಸರಿಯುತ್ತವೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೆಳಗಿನ ಜೋಡಣೆಯ ಆಟ ನಿಲ್ಲುವ ತನಕ ಮೇಲಿನದನ್ನು ನಂಬಬೇಡಿ. ಬುಡ ಅಲುಗಿದರೆ ತುದಿಯಲ್ಲಿರುವ ಒಳ್ಳೆ ಬೋಲ್ಟೂ ಲೂಸಾದ ಹಾಗೆ ಕಾಣುತ್ತದೆ.

ಇನ್ನೊಂದು ಗುರುತು ಕೆಂಪು ಪುಡಿ. ಎರಡು ಕಬ್ಬಿಣ ಒಂದಕ್ಕೊಂದು ತಿಕ್ಕಿದರೆ ನಡುವಿನಿಂದ ಸಣ್ಣ ತುಕ್ಕಿನ ಪುಡಿ ಹೊರಗೆ ಬರುತ್ತದೆ. ನಮ್ಮ ಶಿರಸಿ, ಸಿದ್ದಾಪುರದ ಕಡೆ ಮಣ್ಣೂ ಕೆಂಪೇ ಆದ್ದರಿಂದ ಮೋಸ ಹೋಗುವುದು ಸುಲಭ. ಅದಕ್ಕೇ ಮೊದಲು ತೊಳೆಯಿರಿ ಅಂದಿದ್ದು. ತೊಳೆದ ಮೇಲೆ ಟಾರು ರಸ್ತೆಯಲ್ಲೇ ಹತ್ತು ಕಿ.ಮೀ. ಓಡಿಸಿ ಬನ್ನಿ. ಅದೇ ಜೋಡಣೆಯ ಅಂಚಿನಿಂದ ಮತ್ತೆ ಕೆಂಪು ಗೆರೆ ಇಳಿದಿದ್ದರೆ ಅದು ಮಣ್ಣಲ್ಲ. ಆ ಜಾಗ ಸರಿಯುತ್ತಿದೆ.

ಇಡೀ ರ‍್ಯಾಕು ಲಡಬಡ ಅನ್ನುತ್ತದೆ

ನಾನು ನೋಡಿದ ರ‍್ಯಾಕುಗಳಲ್ಲಿ ಅತಿ ಹೆಚ್ಚು ಕಂಡ ದೋಷ ಇದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಳತೆ ಹೊರಗೆ 60 ಮಿ.ಮೀ. ಚೌಕ, ಒಳಗೆ 50 ಮಿ.ಮೀ. ಚೌಕ. ಹೊರ ಪೈಪಿನ ದಪ್ಪ 4 ಮಿ.ಮೀ. ಇದ್ದರೆ ಅದರ ಒಳ ಅಗಲ 52. ಅಂದರೆ 2 ಮಿ.ಮೀ. ಜಾಗ ಖಾಲಿ. ಎರಡೇ ಮಿ.ಮೀ. ಅಲ್ವಾ ಅಂತ ಬಿಟ್ಟುಬಿಡುತ್ತೇವೆ.

ಲೆಕ್ಕ ಹಾಕಿ ನೋಡಿ. ಒಳ ಪೈಪು 200 ಮಿ.ಮೀ. ಒಳಗೆ ಹೋಗಿದೆ, ಕಂಬ 1.2 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ಬುಡದ ಆ 2 ಮಿ.ಮೀ. ಕಂಬದ ತುದಿಯಲ್ಲಿ ಹಿಂದಕ್ಕೆ 12 ಮಿ.ಮೀ. ಆಗುತ್ತದೆ. ಪಕ್ಕಕ್ಕೆ ಹೊರಳುವುದು ಇನ್ನೂ ಜಾಸ್ತಿ. 52ರ ಚೌಕದೊಳಗೆ 50ರ ಚೌಕ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ತಿರುಗಬಲ್ಲದು. ತುದಿಯಲ್ಲಿ ಅದು ಒಂದು ಬದಿಗೆ 50 ಮಿ.ಮೀ. ಹತ್ತಿರ. ಘಟ್ಟದ ಎಡ ತಿರುವು ಬಲ ತಿರುವು ಬಂದಾಗಲೆಲ್ಲ ನಾಲ್ಕು ಸೈಕಲ್ ಒಟ್ಟಿಗೆ ಅಷ್ಟು ದೂರ ಹೋಗಿ ‘ಧಡ್’ ಅಂತ ನಿಲ್ಲುತ್ತವೆ. ಆ ಏಟು ಕಂಬದ ಬುಡದ ವೆಲ್ಡಿಗೆ ಬೀಳುತ್ತದೆ. ನನ್ನ ಕಂಬ ಬಿರುಕು ಬಿಟ್ಟದ್ದು ಹೀಗೆಯೇ.

ಪರೀಕ್ಷೆ ಸುಲಭ. ಪಿನ್ ತೆಗೆಯದೆ ಒಳ ಪೈಪಿನ ಮೇಲೆ, ಕೆಳಗೆ, ಎರಡೂ ಪಕ್ಕ ಹಳೆ ಹ್ಯಾಕ್ಸಾ ಬ್ಲೇಡನ್ನು ತೂರಿಸಿ ನೋಡಿ. ಬ್ಲೇಡು ಸಲೀಸಾಗಿ ಹೋದರೆ ಜಾಗ ಜಾಸ್ತಿ ಇದೆ ಅಂತಲೇ ಅರ್ಥ.

ಪರಿಹಾರಕ್ಕೆ ಎರಡು ದಾರಿ ಇವೆ. ಒಂದು, ಹೊರ ಪೈಪಿನ ಕೆಳ ಮುಖಕ್ಕೂ ಒಂದು ಪಕ್ಕಕ್ಕೂ ಎಂ12 (12 ಮಿ.ಮೀ. ಬೋಲ್ಟಿನ) ನಟ್ ವೆಲ್ಡ್ ಮಾಡಿಸಿ, ಅಲ್ಲಿಂದ ಬೋಲ್ಟ್ ಹಾಕಿ ಒಳ ಪೈಪನ್ನು ಎದುರಿನ ಮೂಲೆಗೆ ಒತ್ತುವುದು. ಬೋಲ್ಟ್ ಒತ್ತುವ ಜಾಗದಲ್ಲಿ ಒಳ ಪೈಪಿಗೆ 5 ಮಿ.ಮೀ. ಪಟ್ಟಿ ಇರಬೇಕು, ಇಲ್ಲದಿದ್ದರೆ ತೆಳು ಪೈಪು ತಗ್ಗಾಗುತ್ತದೆ. ಪಟ್ಟಿ ಹೊರಗೆ ಚಾಚಿದರೆ ಪೈಪು ಒಳಗೆ ಹೋಗುವುದಿಲ್ಲ, ಹಾಗಾಗಿ ಪೈಪಿಗೆ ಕಿಂಡಿ ಕೊರೆದು, ಮುಖಕ್ಕೆ ಸಮ ಆಗುವ ಹಾಗೆ ಕೂರಿಸಿ ವೆಲ್ಡ್ ಮಾಡಿಸಿ. ಬೋಲ್ಟಿಗೆ ಮೇಲೊಂದು ಲಾಕ್ ನಟ್ ಇರಲಿ. ಎರಡನೇ ದಾರಿ, ಒಳ ಪೈಪಿನ ಅಕ್ಕಪಕ್ಕದ ಎರಡು ಮುಖಕ್ಕೆ (ಎದುರು ಬದುರಿನದಲ್ಲ) 16 ಗೇಜಿನ ತಗಡು ಅಂಟಿಸಿ ಜಾಗ ತುಂಬುವುದು. 16 ಗೇಜ್ ಅಂದರೆ ಸುಮಾರು 1.6 ಮಿ.ಮೀ. ನಾನು ಮೊದಲನೆಯದನ್ನೇ ಹೇಳುತ್ತೇನೆ. ತಗಡು ಸವೆಯುತ್ತದೆ, ಬೋಲ್ಟನ್ನು ಮತ್ತೆ ಬಿಗಿ ಮಾಡಬಹುದು. ಸೈಕಲ್ ಟ್ಯೂಬ್ ತುಂಡು ತುರುಕುವುದು ಮಾತ್ರ ಬೇಡ. ಸದ್ದು ನಿಲ್ಲುತ್ತದೆ, ಆಟ ಹಾಗೇ ಉಳಿಯುತ್ತದೆ. ಎಚ್ಚರಿಸುವ ಸದ್ದೇ ಇಲ್ಲವಾದರೆ ಅದಕ್ಕಿಂತ ಅಪಾಯ ಇಲ್ಲ.

ಈ ಬೋಲ್ಟುಗಳ ಕೆಲಸ ಆಟ ತೆಗೆಯುವುದು ಅಷ್ಟೇ. ರ‍್ಯಾಕು ಕಳಚಿ ಬರದ ಹಾಗೆ ಹಿಡಿಯುವುದು ಪಿನ್. ಪಿನ್ 16 ಮಿ.ಮೀ. ಇರಲಿ, ತುದಿಗೆ ಕ್ಲಿಪ್ ಇರಲಿ. ತೂತನ್ನು ಗ್ಯಾಸಿನಲ್ಲಿ ಸುಟ್ಟು ಮಾಡಿದ್ದರೆ ಅಂಚು ಮುಳ್ಳು ಮುಳ್ಳಾಗಿರುತ್ತದೆ, ಬೇಗ ಮೊಟ್ಟೆಯ ಆಕಾರಕ್ಕೆ ಸವೆಯುತ್ತದೆ. ಅಡ್ಡ ಅಳತೆಗೂ ಉದ್ದ ಅಳತೆಗೂ ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದಿದ್ದರೆ, 6 ಮಿ.ಮೀ. ಪ್ಲೇಟಿನಲ್ಲಿ ಡ್ರಿಲ್ ಮಾಡಿದ ಹೊಸ ತೂತು ಹಾಕಿ ಹೊರ ಪೈಪಿನ ಎರಡೂ ಬದಿಗೆ ವೆಲ್ಡ್ ಮಾಡಿಸಿ.

ಬಿಗಿ ಮಾಡಿದ ಬೋಲ್ಟ್ ಮತ್ತೆ ಮತ್ತೆ ಸಡಿಲ

ಒಂದೇ ಬೋಲ್ಟ್ ವಾರಕ್ಕೊಮ್ಮೆ ಲೂಸಾಗುತ್ತಿದೆ ಅಂದರೆ ಬೋಲ್ಟ್ ಬದಲಿಸಿ ಪ್ರಯೋಜನ ಇಲ್ಲ. ಪೈಪು ಕುಗ್ಗುತ್ತಿದೆಯೇ ಅಂತ ನೋಡಿ. ಟೊಳ್ಳು ಚೌಕ ಪೈಪಿನ ಆಚೆ ಈಚೆ ತೂತು ಮಾಡಿ ಬೋಲ್ಟ್ ತೂರಿಸಿ ಬಿಗಿದರೆ ಪೈಪಿನ ಗೋಡೆ ಒಳಕ್ಕೆ ಬಾಗುತ್ತದೆ. ಇವತ್ತು ಬಿಗಿ, ನಾಳೆ ಗೋಡೆ ಇನ್ನಷ್ಟು ಬಾಗಿ ಮತ್ತೆ ಸಡಿಲ. ಬಿಗಿ ಮಾಡಿದಷ್ಟೂ ಪೈಪು ಹಾಳು.

ಬೋಲ್ಟ್ ಬಿಚ್ಚಿ, ತೂತಿನ ಮೇಲೆ ಸ್ಟೀಲ್ ಸ್ಕೇಲನ್ನು ನೇರ ಅಂಚಿನ ಮೇಲೆ ನಿಲ್ಲಿಸಿ, ಆಚೆ ಬದಿಯಿಂದ ಟಾರ್ಚ್ ಬಿಡಿ. ಸ್ಕೇಲಿನ ಕೆಳಗೆ ನಡುವಿನಲ್ಲಿ ಬೆಳಕು ಸೋರಿದರೆ ಪೈಪು ಬಟ್ಟಲಾಗಿದೆ. ಇದಕ್ಕೆ ಒಳಗೆ ಬುಷ್ ಹಾಕಿಸಬೇಕು. ಪೈಪು 50 ಮಿ.ಮೀ. ಆದರೆ 50 ಮಿ.ಮೀ. ಉದ್ದದ, ಬೋಲ್ಟ್ ಸರಿಯಾಗಿ ತೂರುವ ಗಟ್ಟಿ ದುಂಡು ಪೈಪಿನ ತುಂಡು ಸಾಕು. ಎರಡೂ ತೂತನ್ನು ಬುಷ್ ಹೋಗುವಷ್ಟು ದೊಡ್ಡದು ಮಾಡಿ, ತೂರಿಸಿ, ಎರಡೂ ಬದಿ ವೆಲ್ಡ್ ಮಾಡಿಸಿ. ಆಮೇಲೆ ಎಷ್ಟು ಬಿಗಿದರೂ ಬಲ ಬುಷ್ಷಿನ ಮೇಲೆ ಬೀಳುತ್ತದೆ.

ಬೋಲ್ಟ್ ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತು ಇರಬೇಕು. ಹಾರ್ಡ್‌ವೇರ್ ಅಂಗಡಿಯ ಗುರುತಿಲ್ಲದ ಬೋಲ್ಟ್ ಈ ಕೆಲಸಕ್ಕೆ ಬೇಡ. ಎಂ10 ಆದರೆ 45 ನ್ಯೂಟನ್ ಮೀಟರ್, ಎಂ12 ಆದರೆ 80ರ ಆಸುಪಾಸು ಬಿಗಿ ಸಾಕು. ಬಿಗಿ ಅಳೆದು ತೋರಿಸುವ ಟಾರ್ಕ್ ಪಾನ ಇಲ್ಲದಿದ್ದರೆ ಟೈರ್ ಅಂಗಡಿಯವರ ಹತ್ತಿರ ಇದೆಯೇ ಕೇಳಿ. ಸ್ಪ್ರಿಂಗ್ ವಾಷರ್ ಮೇಲೆ ಭರವಸೆ ಇಡಬೇಡಿ, ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಹಾಕಿ. ಒಮ್ಮೆ ಬಿಗಿದ ಮೇಲೆ ಬೋಲ್ಟ್ ತಲೆಯಿಂದ ಪೈಪಿನ ಮೇಲಕ್ಕೆ ಬಿಳಿ ಪೇಂಟಿನ ಒಂದು ನೇರ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ. ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಒಂದು ನೋಟದಲ್ಲಿ ಗೊತ್ತಾಗುತ್ತದೆ.

ವೆಲ್ಡಿನಲ್ಲಿ ಬಿರುಕು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಜೀವಕ್ಕೆ ಅಪಾಯ ಇರುವುದು ಇಲ್ಲಿಯೇ.

ಎಲ್ಲರೂ ರ‍್ಯಾಕಿನ ಹಿಂದೆ ನಿಂತು, ಸೈಕಲ್ ಇರುವ ಕಡೆಯಿಂದ ಕಂಬ ನೋಡುತ್ತಾರೆ. ಬಿರುಕು ಶುರುವಾಗುವುದು ಆ ಕಡೆ ಅಲ್ಲ. ಸೈಕಲ್ ಹಿಂದಕ್ಕೆ ಎಳೆಯುವಾಗ ಕಂಬದ ಹಿಂದಿನ ಮುಖ ಒತ್ತಿಕೊಳ್ಳುತ್ತದೆ, ಗಾಡಿಯ ಕಡೆಯ ಮುಖ ಹಿಗ್ಗುತ್ತದೆ. ಕಬ್ಬಿಣ ಬಿರಿಯುವುದು ಹಿಗ್ಗುವ ಕಡೆ. ಅದು ಡಿಕ್ಕಿ ಬಾಗಿಲಿಗೆ ಎದುರಾಗಿರುವ ಮುಖ, ನಮಗೆ ಕಾಣದ ಮುಖ. ಮೊಬೈಲನ್ನು ಸಂದಿಯಲ್ಲಿ ಇಳಿಸಿ, ಲೈಟ್ ಹಾಕಿ ವೀಡಿಯೊ ತೆಗೆದು ನೋಡಿ. ಅಡ್ಡ ಪೈಪಿನಲ್ಲಾದರೆ ಮೇಲಿನ ಮುಖ ನೋಡಬೇಕು. ವೆಲ್ಡಿನ ಮಧ್ಯಕ್ಕಿಂತ, ವೆಲ್ಡ್ ಮುಗಿದು ಪೈಪು ಶುರುವಾಗುವ ಆ ಅಂಚಿನ ಗೆರೆಯಲ್ಲೇ ಬಿರುಕು ಜಾಸ್ತಿ.

ಪೇಂಟಿನ ಮೇಲೆ ಕೂದಲೆಳೆಯ ಹಾಗೆ ಗೆರೆ ಕಂಡರೆ ಅದು ಪೇಂಟಿನದೋ ಕಬ್ಬಿಣದ್ದೋ ಅಂತ ತಿಳಿಯಲು ಒಂದು ಹಳೆ ಪರೀಕ್ಷೆ ಇದೆ. ನಮ್ಮ ವೆಲ್ಡರ್ ಅಣ್ಣ ನನ್ನೆದುರೇ ಮಾಡಿ ತೋರಿಸಿದ್ದು. ಆ ಜಾಗದ ಪೇಂಟನ್ನು ವೈರ್ ಬ್ರಶ್ಶಿನಲ್ಲಿ ತೆಗೆದು ಕಬ್ಬಿಣ ಹೊಳೆಯುವ ಹಾಗೆ ಮಾಡಿದ. ಸೀಮೆಎಣ್ಣೆಯನ್ನು ಬ್ರಶ್ಶಿನಲ್ಲಿ ಹಚ್ಚಿ, ಚಹಾ ಕುಡಿದು ಬರುವಷ್ಟು ಹೊತ್ತು ಬಿಟ್ಟ. ಆಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಿದ. ಕಂಬವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಹಿಡಿಯಲು ನನಗೆ ಹೇಳಿದ. ಎರಡು ನಿಮಿಷದಲ್ಲಿ ಬಿಳಿ ಪುಡಿಯ ಮೇಲೆ ಒಂದು ಒದ್ದೆ ಗೆರೆ ಎದ್ದು ಬಂತು. ಕಣ್ಣಿಗೆ ಒಂದು ಇಂಚು ಕಂಡಿದ್ದ ಬಿರುಕು ಎರಡು ಇಂಚು ಇತ್ತು. ‘ನೋಡು ಮಾರಾಯ, ಎಣ್ಣೆ ಸುಳ್ಳು ಹೇಳೂದಿಲ್ಲ’ ಅಂದ. ಪರೀಕ್ಷೆ ಮುಗಿದ ಮೇಲೆ ಎಣ್ಣೆಯನ್ನು ಪೂರ್ತಿ ಒರೆಸದೆ ಗ್ರೈಂಡರ್ ಹಿಡಿಯಬೇಡಿ, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ.

ಬಿರುಕು ಸಿಕ್ಕಿತು ಅಂತ ಮೇಲೊಂದು ಪ್ಲೇಟ್ ಹಾಕಿ ವೆಲ್ಡ್ ಮಾಡಿಸಿದರೆ ಆಗುವುದಿಲ್ಲ. ಅದು ಪ್ಲೇಟಿನ ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ, ಈ ಸಲ ಕಾಣುವುದೂ ಇಲ್ಲ. ಯಾಕೆ ಬಿರಿಯಿತು ಅಂತ ಮೊದಲು ನೋಡಿ. ಬುಡದ ಪೈಪಿನಲ್ಲಿ ಆಟ ಇತ್ತಾ? ಕಂಬ 2 ಮಿ.ಮೀ. ದಪ್ಪದ ತೆಳು ಪೈಪಾ? ವೆಲ್ಡಿನಲ್ಲಿ ನೀರುದೋಸೆಯ ಹಾಗೆ ತೂತು ತೂತು ಇದೆಯಾ? ನಮ್ಮ ಮಳೆಗಾಲದಲ್ಲಿ ವೆಲ್ಡಿಂಗ್ ರಾಡ್ ತೇವ ಹೀರಿಕೊಳ್ಳುತ್ತದೆ, ಆ ರಾಡಿನಲ್ಲಿ ಸುಟ್ಟರೆ ಒಳಗೆ ಗಾಳಿ ಗುಳ್ಳೆ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಲಸ ಕೊಡುವುದಾದರೆ ರಾಡನ್ನು ಬಿಸಿ ಮಾಡಿ ಒಣಗಿಸಿ ಬಳಸಲು ಹೇಳಿ. ಇನ್ನೊಂದು ಕಾರಣ ನಮ್ಮದೇ ಆಸೆ. ಚೆಂದ ಕಾಣಲಿ ಅಂತ ವೆಲ್ಡನ್ನು ಗ್ರೈಂಡ್ ಮಾಡಿಸಿ ಸಪಾಟು ಮಾಡಿಸಿ, ಪುಟ್ಟಿ ಹಚ್ಚಿ ಪೇಂಟ್ ಹೊಡೆಸುತ್ತೇವೆ. ಉಜ್ಜಿ ತೆಗೆದದ್ದು ರ‍್ಯಾಕಿನ ಶಕ್ತಿಯನ್ನೇ. ಪುಟ್ಟಿ ಬಿರುಕನ್ನು ಮುಚ್ಚುತ್ತದೆ. ರ‍್ಯಾಕಿಗೆ ಪುಟ್ಟಿ ಬೇಡವೇ ಬೇಡ.

ಕಾರಣ ತಿಳಿದ ಮೇಲೆ ರಿಪೇರಿ. ರ‍್ಯಾಕನ್ನು ಗಾಡಿಯಿಂದ ಬಿಚ್ಚಿ ಕೆಳಗಿಳಿಸಿಯೇ ವೆಲ್ಡ್ ಮಾಡಿಸಿ. ಹೊರ ಪೈಪಿನ ಕೆಲಸ ಗಾಡಿಯಲ್ಲೇ ಆಗಬೇಕಾದರೆ ಬ್ಯಾಟರಿ ವಯರ್ ತೆಗೆಸಿ, ಇಲ್ಲದಿದ್ದರೆ ಗಾಡಿಯ ಎಲೆಕ್ಟ್ರಾನಿಕ್ಸ್ ಕೆಡಬಹುದು. ಬಿರುಕಿನ ಎರಡೂ ತುದಿಯಲ್ಲಿ 4–5 ಮಿ.ಮೀ. ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಆಮೇಲೆ ಬಿರುಕಿನ ಉದ್ದಕ್ಕೂ ಗ್ರೈಂಡರಿನಲ್ಲಿ ವಿ ಆಕಾರಕ್ಕೆ ಕೊರೆದು ತುಂಬಿ ವೆಲ್ಡ್. ಮೇಲೆ ಬಲಕ್ಕೆ ಪ್ಲೇಟ್ ಹಾಕುವುದಾದರೆ ಚೌಕದ ಪ್ಲೇಟ್ ಬೇಡ, ಗಾಳಿಪಟದ ಆಕಾರದ್ದು ಹಾಕಿ. ಚೌಕದ ಪ್ಲೇಟಿನ ವೆಲ್ಡ್ ಪೈಪಿಗೆ ಅಡ್ಡಲಾಗಿ ಒಂದೇ ಗೆರೆಯಲ್ಲಿ ಬೀಳುತ್ತದೆ, ಮುಂದಿನ ಬಿರುಕು ಆ ಗೆರೆಯಲ್ಲೇ. ಗಾಳಿಪಟದ ಆಕಾರದಲ್ಲಿ ವೆಲ್ಡ್ ಓರೆಯಾಗಿ ಹೋಗುತ್ತದೆ, ಎಳೆತ ಹಂಚಿಹೋಗುತ್ತದೆ. ಕಂಬದ ಬುಡಕ್ಕೆ ಮೂಲೆಯ ಸಪೋರ್ಟ್ ಪ್ಲೇಟ್ ಎರಡೂ ಪಕ್ಕಕ್ಕೆ ಇರಲಿ, ತುದಿ ಚೂಪಾಗಿ ಇಳಿದು ಮುಗಿಯಲಿ.

ಬಿರುಕು ಪೈಪಿನ ಅರ್ಧ ಸುತ್ತು ದಾಟಿದ್ದರೆ ರಿಪೇರಿ ಮಾಡಿಸಬೇಡಿ. ಕಂಬವನ್ನೇ ಬದಲಿಸಿ. ಒಂದು ಪೈಪಿನ ದುಡ್ಡು ಉಳಿಸಲು ಹೋಗುವ ಜಾಗ ಅಲ್ಲ ಅದು.

ಗಾಡಿಯ ಕಡೆ

ಬೊಲೆರೊ, ಸ್ಕಾರ್ಪಿಯೊ ತರಹದ ಗಾಡಿಗೆ ಬೇರೆಯೇ ಗಟ್ಟಿ ಚಾಸಿ ಇದೆ. ಹೊರ ಪೈಪನ್ನು ಅದಕ್ಕೇ ಬೋಲ್ಟ್ ಹಾಕಿ ಕೂರಿಸಬಹುದು. ಸಣ್ಣ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ಮೈ ತಗಡೇ ಚಾಸಿ. ಅಲ್ಲಿ ಬಂಪರಿನ ಬ್ರಾಕೆಟ್ಟಿಗೆ ರ‍್ಯಾಕ್ ಹಾಕಿದ್ದರೆ ಬೋಲ್ಟಿನ ಸುತ್ತ ತಗಡು ಉಬ್ಬಿದೆಯೇ, ಪೇಂಟ್ ಚಕ್ಕೆ ಎದ್ದಿದೆಯೇ ನೋಡಿ. ಎದ್ದಿದ್ದರೆ ಆ ಗಾಡಿಗೆ ನಾಲ್ಕು ಡೌನ್‌ಹಿಲ್ ಸೈಕಲ್ ಬೇಡ. ಒಳಗಿನಿಂದ ಅಗಲವಾದ ಪ್ಲೇಟ್ ಕೊಟ್ಟು ಎರಡಕ್ಕೆ ಇಳಿಸಿ.

ಹಂಪಿನಲ್ಲಿ ರ‍್ಯಾಕಿನ ಬಾಲ ನೆಲಕ್ಕೆ ಉಜ್ಜಿದರೆ ಅದರ ಏಟೂ ಬುಡಕ್ಕೇ ಹೋಗುತ್ತದೆ. ಕೆಳ ಮುಖದಲ್ಲಿ ಹೊಳೆಯುವ ಗೀರು ಇದೆಯೇ ನೋಡಿ. ಇದ್ದರೆ ಒಳ ಪೈಪನ್ನು ಮೆಟ್ಟಿಲಿನ ಹಾಗೆ ಎತ್ತರಿಸಿ ಕಟ್ಟಿಸಬೇಕು. ಸೈಲೆನ್ಸರಿನ ಬಾಯಿ ಸೈಕಲ್ ಟೈರಿನ ಕಡೆ ಇದ್ದರೆ ರಬ್ಬರು, ಕಾರ್ಬನ್ ರಿಮ್ ಎರಡೂ ಸುಡುತ್ತವೆ. ಅರಬೈಲು ಘಟ್ಟದಂಥ ದೀರ್ಘ ಏರಿನಲ್ಲಿ ಎಂಜಿನ್ ದುಡಿಯುವಾಗ ಇದು ಜೋರು. ಏರು ಮುಗಿದ ಕೂಡಲೇ ಕೈ ಹಿಡಿದು ಶಾಖ ನೋಡಿ.

ನಂಬರ್ ಪ್ಲೇಟು, ಲೈಟು ಸೈಕಲ್ ಹಿಂದೆ ಮರೆಯಾದರೆ ರ‍್ಯಾಕಿಗೇ ಪ್ಲೇಟು, ಲೈಟು ಎರಡೂ ಇರುವ ಬೇರೆ ಬೋರ್ಡು ಹಾಕಿಸಿ. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಂದವಾಗಿ ಉರಿದರೆ ಅರ್ಥಿಂಗ್ ವಯರ್ ಕೆಟ್ಟಿದೆ ಅಂತ ತಿಳಿಯಿರಿ. ಅದನ್ನು ರ‍್ಯಾಕಿನ ಪೈಪಿಗೆ ಕೊಡದೆ, ನೇರ ಗಾಡಿಗೆ ಬೇರೆ ವಯರಿನಲ್ಲಿ ಕೊಡಿಸಿ.

ಕಡಲ ಗಾಳಿಯ ತುಕ್ಕು

ಶಿರಸಿಯ ರ‍್ಯಾಕಿಗೂ ಕಾರವಾರದ ರ‍್ಯಾಕಿಗೂ ಆಯುಷ್ಯ ಒಂದೇ ಅಲ್ಲ. ಕಾರವಾರ, ಅಂಕೋಲಾ, ಗೋಕರ್ಣದ ಕಡೆ ಮನೆ ಇದ್ದು ಗಾಡಿ ಹೊರಗೆ ನಿಲ್ಲುವುದಾದರೆ ಉಪ್ಪು ಗಾಳಿ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಹೊರಗಿನ ತುಕ್ಕು ಕಾಣುತ್ತದೆ, ಉಜ್ಜಿ ಪೇಂಟ್ ಹೊಡೆಯಬಹುದು. ಪೈಪಿನ ಒಳಗಿನ ತುಕ್ಕಿಗೆ ಹೆದರಬೇಕು. ಚೌಕ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿರುತ್ತೇವೆ. ನೀರು ಬೋಲ್ಟಿನ ತೂತಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ.

ಸಣ್ಣ ಸುತ್ತಿಗೆಯಲ್ಲಿ ಕಂಬವನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬನ್ನಿ. ಗಟ್ಟಿ ಪೈಪು ‘ಟಣ್’ ಅನ್ನುತ್ತದೆ. ಒಳಗೆ ತಿಂದಿದ್ದರೆ ಬುಡಕ್ಕೆ ಬರುವಾಗ ಸದ್ದು ‘ಡಬ್’ ಅಂತ ಸಪ್ಪೆಯಾಗುತ್ತದೆ, ಒಳಗೆ ಚಕ್ಕೆ ಉದುರುವುದೂ ಕೇಳಿಸುತ್ತದೆ. ಹಾಗೆ ಕೇಳಿಸಿದರೆ ಆ ಪೈಪು ಮುಗಿಯಿತು. ಹೊಸತಕ್ಕೆ ಪ್ರತಿ ಪೈಪಿನ ಅತಿ ತಗ್ಗಿನ ಜಾಗದಲ್ಲಿ 6 ಮಿ.ಮೀ. ತೂತು ಇರಲಿ. ಆದರೆ ಎಳೆತ ಬೀಳುವ ವೆಲ್ಡಿನ ಪಕ್ಕದಲ್ಲಿ ಬೇಡ.

ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ಮಾಡಿಸಿದರೆ ತುಕ್ಕು ಬರುವುದಿಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ವೆಲ್ಡ್ ಮಾಡಿದ ಜಾಗದಲ್ಲಿ ಸತು ಸುಟ್ಟು ಹೋಗಿರುತ್ತದೆ, ತುಕ್ಕು ಅಲ್ಲೇ ಶುರು. ಅಲ್ಲಿಗೆ ಸತುವಿನ ಪುಡಿ ಹೆಚ್ಚಿರುವ ಪ್ರೈಮರ್ ಹಚ್ಚಿಸಿ. ಜಿಐ ಸುಡುವಾಗ ಬರುವ ಬಿಳಿ ಹೊಗೆ ಕುಡಿದರೆ ವೆಲ್ಡರಿಗೆ ಅದೇ ರಾತ್ರಿ ಚಳಿಜ್ವರ ಬರುತ್ತದೆ. ದಯವಿಟ್ಟು ಸತುವನ್ನು ಮೊದಲು ಉಜ್ಜಿ ತೆಗೆದು, ಗಾಳಿ ಆಡುವ ಕಡೆ ಮಾಡಲು ಹೇಳಿ. ನಮ್ಮ ಸೈಕಲ್ಲಿಗಾಗಿ ಅವರು ಹುಷಾರು ತಪ್ಪಬಾರದು.

ಚಕ್ರದ ಬುಟ್ಟಿ ಅಲ್ಯೂಮಿನಿಯಂ ಆಗಿದ್ದು ಬೋಲ್ಟ್ ಸ್ಟೇನ್‌ಲೆಸ್ ಆಗಿದ್ದರೆ ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣುತ್ತದೆ. ಅಲ್ಯೂಮಿನಿಯಂ ಕರಗುತ್ತಿದೆ ಅಂತ ಅರ್ಥ. ನಡುವೆ ನೈಲಾನ್ ವಾಷರ್ ಮತ್ತು ಗ್ರೀಸ್ ಹಾಕಿ. ಕಡಲ ತೀರಕ್ಕೆ ಹೋಗಿ ಬಂದ ದಿನ ರ‍್ಯಾಕಿಗೂ ಸೈಕಲ್ಲಿಗೂ ಸಿಹಿ ನೀರಿನ ಸ್ನಾನ ಆಗಲೇಬೇಕು. ಸೈಕಲ್ ಹೊರದ ದಿನ ರ‍್ಯಾಕು ಗಾಡಿಯಲ್ಲಿ ಇರುವುದೂ ಬೇಡ.

ರ‍್ಯಾಕು ಗಟ್ಟಿ, ಸೈಕಲ್ಲಿಗೆ ಪೆಟ್ಟು

ಪ್ರಯಾಣದ ನಂತರ ಬ್ರೇಕ್ ‘ಶ್ ಶ್’ ಅಂತ ಉಜ್ಜಿದರೆ ಸೈಕಲ್ ಮೆಕ್ಯಾನಿಕ್ ಹತ್ತಿರ ಓಡುವ ಮೊದಲು ರ‍್ಯಾಕಿನಲ್ಲಿ ಪಕ್ಕದ ಸೈಕಲ್ಲಿನ ಪೆಡಲು ಎಲ್ಲಿ ಬರುತ್ತದೆ ನೋಡಿ. ಪೆಡಲ್ ಒತ್ತಿದರೆ ಡಿಸ್ಕ್ ಬಾಗುತ್ತದೆ. ಅದಕ್ಕಿಂತ ನೋವಿನ ವಿಷಯ ಫೋರ್ಕಿನ ಹೊಳೆಯುವ ಕೊಳವೆಗೆ ಗೀರು ಬೀಳುವುದು. ಆ ಗೀರು ಪ್ರತಿ ಸಲ ಒಳಗೆ ಹೋಗಿ ಬರುವಾಗ ಸೀಲನ್ನು ಕೆರೆದು ಆಯಿಲ್ ಸೋರಿಸುತ್ತದೆ. 800 ಮಿ.ಮೀ. ಹ್ಯಾಂಡಲ್ ಅಕ್ಕಪಕ್ಕ ಕೂರಬೇಕಾದರೆ ಬುಟ್ಟಿಗಳು ಒಂದೇ ಎತ್ತರದಲ್ಲಿ ಇರಬಾರದು. ಒಂದು ಮೇಲೆ ಒಂದು ಕೆಳಗೆ, ಕನಿಷ್ಠ ಒಂದು ಗೇಣಿನ ವ್ಯತ್ಯಾಸ ಇರಲಿ. ಎರಡು ಕ್ರೌನಿನ ಫೋರ್ಕ್ ಪೂರ್ತಿ ತಿರುಗುವುದಿಲ್ಲ, ಹಾಗಾಗಿ ಹ್ಯಾಂಡಲ್ ತಿರುಗಿಸಿ ಜಾಗ ಮಾಡುವ ಉಪಾಯ ಇಲ್ಲಿ ನಡೆಯುವುದಿಲ್ಲ.

ಹಿಂದಿನ ಚಕ್ರ ಮಳೆಯಲ್ಲಿ ಸಡಿಲವಾಗಿ ತೂಗಾಡಿದರೆ ಅದನ್ನು ಕಟ್ಟಿದ ಬೆಲ್ಟ್ ಬಹುಶಃ ನೈಲಾನಿನದು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ನಮ್ಮ ಊರಿಗೆ ಪಾಲಿಯೆಸ್ಟರೇ ಸರಿ. ಬೆಲ್ಟ್ ಕಟ್ಟುವ ಮೊದಲು ಫ್ರೇಮಿನ ಕೆಮ್ಮಣ್ಣು ಒರೆಸಿ. ಮಣ್ಣು ಸಿಕ್ಕಿಕೊಂಡ ಬೆಲ್ಟು ಮರಳು ಕಾಗದದ ಹಾಗೆ ಪೇಂಟ್ ತಿನ್ನುತ್ತದೆ.

ಮುಂದಿನ ಚಕ್ರ ಮೇಲೆ ಮಾಡಿ ನೇತುಹಾಕಿದ ಸೈಕಲ್ ಇಳಿಸಿದ ಮೇಲೆ ಬ್ರೇಕ್ ಲಿವರ್ ಮೆತ್ತಗಾದ ಹಾಗೆ ಅನ್ನಿಸಿದರೆ ಹತ್ತು ಹದಿನೈದು ಸಲ ಒತ್ತಿ ಬಿಡಿ. ಗಟ್ಟಿಯಾಗದಿದ್ದರೆ ಆಯಿಲಿನಲ್ಲಿ ಗಾಳಿ ಇದೆ, ಬ್ಲೀಡ್ ಮಾಡಿಸದೆ (ಆ ಗಾಳಿ ಹೊರಗೆ ತೆಗೆಸದೆ) ಇಳಿಜಾರಿಗೆ ಹೋಗಬೇಡಿ.

ಗಾಡಿಯ ಟಾಪಿನ ಮೇಲಿನ ಅಡ್ಡ ಪೈಪು ‘ಹೂಂ’ ಅಂತ ಊಳಿಟ್ಟರೆ ಅದು ಗಾಳಿಯ ಸದ್ದು, ದೋಷ ಅಲ್ಲ. ತೆಂಗಿನ ನಾರಿನ ಹಗ್ಗವನ್ನು ಪೈಪಿಗೆ ಸುರುಳಿಯಾಗಿ, ದೂರ ದೂರ ಸುತ್ತಿ. ಊಳು ತಗ್ಗುತ್ತದೆ.

ರಿಪೇರಿ ಆದ ಮೇಲೆ

ಮೊದಲ ಓಟಕ್ಕೆ ಸೈಕಲ್ ಹಾಕಬೇಡಿ. ಸೈಕಲ್ ನೇತಾಡುವ ಜಾಗದಲ್ಲೇ, ಅಷ್ಟೇ ತೂಕ ಬರುವ ಹಾಗೆ ಮರಳಿನ ಚೀಲ ಬಿಗಿಯಾಗಿ ಕಟ್ಟಿ. ಒಂದು ಚೀಲದಲ್ಲಿ 17 ಕೆ.ಜಿ. ಇದ್ದರೆ ನಾಲ್ಕು ಚೀಲ. ಹಿಂದೆ ಗೆಳೆಯರೊಬ್ಬರು ದೂರದಿಂದ ಸ್ಕೂಟರಿನಲ್ಲಿ ಬರಲಿ. ಹಂಪು ಇರುವ, ವಾಹನ ಕಡಿಮೆ ಇರುವ ಊರ ರಸ್ತೆಯಲ್ಲಿ ಹತ್ತು ಕಿ.ಮೀ. ನಿಧಾನಕ್ಕೆ ಹೋಗಿ ಬನ್ನಿ. ಬಂದ ಕೂಡಲೇ ಬಿಳಿ ಗೆರೆಗಳನ್ನು ನೋಡಿ, ಬೆರಳಿಟ್ಟು ಅಲ್ಲಾಡಿಸುವ ಪರೀಕ್ಷೆ ಮತ್ತೆ ಮಾಡಿ, ಕಂಬದ ಗಾಡಿ ಕಡೆಯ ಮುಖವನ್ನು ಮೊಬೈಲಿನಲ್ಲಿ ನೋಡಿ. 50 ಕಿ.ಮೀ. ಆದಾಗ ಇನ್ನೊಮ್ಮೆ. ಹೊಸ ಬೋಲ್ಟುಗಳು ಕೂರುವುದು ಅಷ್ಟರಲ್ಲೇ, ಎಲ್ಲವನ್ನೂ ಇನ್ನೊಮ್ಮೆ ಬಿಗಿ ಮಾಡಬೇಕಾಗುತ್ತದೆ. ಬಿಗಿ ಮಾಡಿದ ಮೇಲೆ ಹಳೆ ಗೆರೆ ಒರೆಸಿ ಹೊಸ ಗೆರೆ ಎಳೆಯಿರಿ.